ಅಕ್ಕೋರಿಗೊಂದು ಕಾಗದ: ಓದು ಬಾರದ ತಾಯಿ ಮಗನನ್ನು ಓದಿಸುವುದು ಹೇಗೆ?

ಶಾಲೆ ಶುರುವಾದ ಮೇಲೆ ಬಂದ ಕಾಗದಗಳಲ್ಲಿ ಹೆಚ್ಚಿನವು ಅಪ್ಪ-ಅಮ್ಮಂದಿರವು. ಊರು ಬೇರೆ, ಕಸುಬು ಬೇರೆ, ಕೇಳಿದ್ದು ಮಾತ್ರ ಹೆಚ್ಚುಕಡಿಮೆ ಒಂದೇ: ಮಕ್ಕಳ ಓದಿಗೆ ನಮ್ಮಿಂದ ಏನಾದೀತು? ಐದು ಕಾಗದ ಆರಿಸಿಕೊಂಡಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ, ಅದಕ್ಕೆ ಅಷ್ಟು ಬೇಕಿತ್ತು.

ಅಕ್ಕೋರೆ, ನಾನು ಅಂಕೋಲಾ ಪೇಟೆಯಲ್ಲಿ ಮೀನು ಮಾರುತ್ತೇನೆ. ಎರಡನೆಯ ತರಗತಿಗೇ ಶಾಲೆ ಬಿಟ್ಟವಳು. ಮಗ ಐದನೆಯ ತರಗತಿ, ಇಂಗ್ಲಿಷ್ ಮೀಡಿಯಂ. ಅವನ ಪುಸ್ತಕ ನನಗೆ ಒಂದಕ್ಷರ ತಿಳಿಯುವುದಿಲ್ಲ. 'ನಂಗೆ ಓದುಕೆ ಬರೂದಿಲ್ಲ, ನೀನೇ ಓದ್ಕೋ' ಅನ್ನುತ್ತೇನೆ. ಶಾಲೆಯ ಮೀಟಿಂಗಿಗೆ ಹೋದರೆ 'ಮನೆಯಲ್ಲಿ ಓದಿಸಿ' ಅನ್ನುತ್ತಾರೆ. ನಾನು ಏನಂತ ಓದಿಸಲಿ? (ಪಕ್ಕದ ಮನೆ ಹುಡುಗಿಯ ಕೈಲಿ ಬರೆಸಿದ್ದು.)

ತಂಗಿ, ಮೊದಲು ಆ ಒಂದು ಮಾತನ್ನು ಬಿಟ್ಟುಬಿಡಿ. ನಿಮಗೆ ಓದಲು ಬಾರದಿರುವುದು ನಿಜವೇ ಇರಬಹುದು. ಆದರೆ ಅದನ್ನೇ ದಿನಾ ಕೇಳುವ ಹುಡುಗನಿಗೆ ತನ್ನ ಓದಿಗೂ ಅಮ್ಮನಿಗೂ ಸಂಬಂಧವಿಲ್ಲ ಎಂದು ಅನ್ನಿಸಿಬಿಡುತ್ತದೆ. ಐದನೆಯ ತರಗತಿಯಲ್ಲಿ ಹಾಗನ್ನಿಸಿದವನು ಎಂಟನೆಯದಕ್ಕೆ ಬರುವಷ್ಟರಲ್ಲಿ ಶಾಲೆಯ ಸುದ್ದಿಯನ್ನೇ ಮನೆಯಲ್ಲಿ ಎತ್ತುವುದಿಲ್ಲ.

'ಓದಿಸಿ' ಅಂದದ್ದನ್ನು ನೀವು 'ಪಾಠ ಮಾಡಿ' ಎಂದು ತಿಳಿದುಕೊಂಡಿದ್ದೀರಿ. ಪಾಠ ಶಾಲೆಯಲ್ಲಿ ಆಗಬೇಕು. ಮನೆಯಲ್ಲಿ ಆಗಬೇಕಾದದ್ದು ಬೇರೆ, ಅದಕ್ಕೆ ನಿಮ್ಮ ಕಿವಿ ಸಾಕು. ಸಂಜೆ ಬುಟ್ಟಿ ತೊಳೆದಿಟ್ಟು ಅಡುಗೆಗೆ ಕೂತಾಗ ಮಗನನ್ನು ಹತ್ತಿರ ಕರೆಯಿರಿ. ಪುಸ್ತಕ ಮುಚ್ಚಿಡಲು ಹೇಳಿ. 'ಇವತ್ತು ಏನು ಕಲಿಸಿದರು' ಅಂತ ಕೇಳಬೇಡಿ, ಅದಕ್ಕೆ 'ಏನಿಲ್ಲ' ಎಂಬ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತದೆ. 'ವಿಜ್ಞಾನದ ಪಿರಿಯಡ್ಡಿನಲ್ಲಿ ಬೋರ್ಡಿನ ಮೇಲೆ ಏನು ಚಿತ್ರ ಬಿಡಿಸಿದರು?' ಎಂದು ಕೇಳಿ. ಅವನು ನೆನಪು ಮಾಡಿಕೊಂಡು, ನಿಮ್ಮ ಮಾತಿನಲ್ಲಿ, ನಿಮಗೆ ತಿಳಿಯುವ ಹಾಗೆ ಹೇಳಬೇಕು.

ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಇದು ಬಹಳ ಮುಖ್ಯ. ಅರ್ಥವಾಗದೆಯೂ ನಾಲ್ಕು ಸಾಲು ಬಾಯಿಪಾಠ ಹೊಡೆದು ಬರೆದುಬಿಡುವುದು ಅವರಿಗೆ ರೂಢಿಯಾಗಿಬಿಡುತ್ತದೆ. 'ಇವ್ಯಾಪರೇಶನ್' (ನೀರು ಆವಿಯಾಗುವುದು) ಅಂದರೆ ಏನು ಎಂದು ಕೇಳಿದರೆ ಉಸಿರುಬಿಡದೆ ಇಂಗ್ಲಿಷಿನಲ್ಲಿ ಒಪ್ಪಿಸುತ್ತಾನೆ. ನೀವು ಕೇಳಬೇಕಾದ್ದು ಇಷ್ಟು: 'ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಆಗರದಲ್ಲಿ ಉಪ್ಪುನೀರು ಕಟ್ಟಿ ನಿಲ್ಲಿಸುತ್ತಾರಲ್ಲ, ಬಿಸಿಲಿಗೆ ಆ ನೀರು ಎಲ್ಲಿಗೆ ಹೋಯಿತು? ನೀರಿನ ಜೊತೆ ಉಪ್ಪೂ ಯಾಕೆ ಹೋಗಲಿಲ್ಲ? ಮಳೆಗಾಲದಲ್ಲಿ ಉಪ್ಪು ಮಾಡಲು ಯಾಕಾಗುವುದಿಲ್ಲ?' ಮೀನು ಒಣಗಿಸುವವರಿಗೆ ಈ ಪ್ರಶ್ನೆಗಳನ್ನು ನಾನು ಹೇಳಿಕೊಡಬೇಕಾಗಿಲ್ಲ. ಮೋಡ ಕವಿದ ದಿನ ಮೀನು ಯಾಕೆ ಒಣಗುವುದಿಲ್ಲ ಎಂದು ನಿಮಗೆ ಗೊತ್ತು. ಅವನಿಗೆ ಅದು ತನ್ನ ಪುಸ್ತಕದಲ್ಲಿರುವ ಪಾಠವೇ ಎಂದು ಹೊಳೆದಿಲ್ಲ, ಅಷ್ಟೆ. ಮೂರಕ್ಕೂ ಉತ್ತರ ಹೇಳಿದನೋ, ಪಾಠ ಬಂದಿದೆ. ತಡವರಿಸಿದನೋ, 'ನಾಳೆ ಟೀಚರನ್ನು ಕೇಳಿಕೊಂಡು ಬಂದು ನನಗೂ ಹೇಳು' ಅನ್ನಿ. ಬೈಯಬೇಡಿ.

ಪುಸ್ತಕ ಮುಚ್ಚಿಸಲು ಹೇಳಿದ್ದಕ್ಕೆ ಕಾರಣವಿದೆ. ಪುಟ ತೆರೆದಿಟ್ಟು ಹತ್ತು ಸಲ ಓದಿದಾಗ ಎಲ್ಲ ಬಂದಂತೆಯೇ ಅನ್ನಿಸುತ್ತದೆ. ಮುಚ್ಚಿ ನೆನಪಿಸಿಕೊಳ್ಳಲು ಹೋದಾಗಲೇ ಬಂದದ್ದೆಷ್ಟು, ಬಾರದ್ದೆಷ್ಟು ಎಂದು ಗೊತ್ತಾಗುವುದು. ಹಾಗೆ ತಿಣುಕಿ ನೆನಪಿಸಿಕೊಂಡದ್ದು ಹೆಚ್ಚು ಕಾಲ ಉಳಿಯುತ್ತದೆ. ಮನಶ್ಶಾಸ್ತ್ರಜ್ಞರು ಇದನ್ನು ನೂರು ವರ್ಷಕ್ಕೂ ಹಿಂದಿನಿಂದ ಪರೀಕ್ಷಿಸಿ ನೋಡಿದ್ದಾರೆ. ಇವತ್ತು ಹೇಳಿದ್ದನ್ನು ಎರಡು ದಿನ ಬಿಟ್ಟು ಮತ್ತೊಮ್ಮೆ ಕೇಳಿ, ವಾರ ಬಿಟ್ಟು ಇನ್ನೊಮ್ಮೆ.

ಗಣಿತವಂತೂ ನಿಮ್ಮ ಬುಟ್ಟಿಯಲ್ಲೇ ಇದೆ. ನೂರು ರೂಪಾಯಿಗೆ 8 ಬಂಗಡೆ ಎಂದು ಇಟ್ಟುಕೊಳ್ಳಿ. ಐವತ್ತಕ್ಕೆ ಎಷ್ಟು, ನೂರೈವತ್ತಕ್ಕೆ ಎಷ್ಟು ಎಂದು ನೀವು ಯೋಚಿಸುವುದೇ ಇಲ್ಲ, ಕೈ ತಾನಾಗಿ ಎಣಿಸಿ ಹಾಕುತ್ತದೆ. ಅವನನ್ನು ಕೇಳಿ: ಗಿರಾಕಿಗೆ 5 ಸಾಕು, ಎಷ್ಟು ತೆಗೆದುಕೊಳ್ಳಲಿ? ಒಂದಕ್ಕೆ ಹನ್ನೆರಡೂವರೆ, ಐದಕ್ಕೆ ಅರವತ್ತೆರಡೂವರೆ. ದಶಮಾಂಶ ಬಂತು. ಹೈಸ್ಕೂಲಿನಲ್ಲಿ ಅನುಪಾತ ಎಂದು ನಾನು ಕಲಿಸುತ್ತಿದ್ದದ್ದೂ ಇದನ್ನೇ, ಮತ್ತು ಅದು ಬೇಗ ತಿಳಿಯುತ್ತಿದ್ದುದು ಪೇಟೆಯಲ್ಲಿ ಅಮ್ಮನ ಪಕ್ಕ ಕೂತು ಚಿಲ್ಲರೆ ಎಣಿಸಿದ ಮಕ್ಕಳಿಗೆ. ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ನೋಟ್‌ಬುಕ್ಕನ್ನು ವಾರಕ್ಕೊಮ್ಮೆ ಬಿಡಿಸಿ ನೋಡಿ. ಪುಟ ಖಾಲಿ ಬಿಟ್ಟಿದ್ದಾನೆಯೇ, ಕೆಂಪು ಶಾಯಿಯಲ್ಲಿ ತಿದ್ದಿದ್ದನ್ನು ಮತ್ತೆ ಸರಿಯಾಗಿ ಬರೆದಿದ್ದಾನೆಯೇ, ಇದನ್ನು ನೋಡಲು ಇಂಗ್ಲಿಷ್ ಬೇಡ. ಮೀಟಿಂಗಿಗೆ ಹೋದಾಗ 'ಹೇಗೆ ಓದುತ್ತಾನೆ' ಎಂದು ಕೇಳಿದರೆ 'ಪರವಾಗಿಲ್ಲ' ಎಂದು ಮುಗಿದುಹೋಗುತ್ತದೆ. 'ಯಾವ ಪಾಠದಲ್ಲಿ ತೊಡಕು ಬಂದಿದೆ, ತೋರಿಸಿ' ಎಂದು ಕೇಳಿ.

ನಿಮ್ಮದೇ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರು ಶಾಲೆ ಕಲಿತವರಲ್ಲ. ತಮ್ಮ ಹಾಲಕ್ಕಿ ಸಮುದಾಯದ ಹಾಡನ್ನು ನೆನಪಿನಲ್ಲೇ ಕಾಪಿಟ್ಟು ಹಾಡಿದ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಅಕ್ಷರ ಇಲ್ಲದವರ ಹತ್ತಿರ ಕಲಿಸಲು ಏನೂ ಇಲ್ಲ ಎಂದು ನಮ್ಮ ಜಿಲ್ಲೆಯಲ್ಲಿ ಯಾರೂ ಹೇಳಬಾರದು, ನೀವಂತೂ ನಿಮ್ಮ ಮಗನೆದುರು ಹೇಳಲೇಬಾರದು.

ಸಿದ್ದಾಪುರ ತಾಲೂಕಿನಲ್ಲಿ ನಮ್ಮದು ಅಡಿಕೆ ತೋಟ. ಮಗಳು ಏಳನೆಯ ತರಗತಿ. ಭಿನ್ನರಾಶಿ ಬಂದಲ್ಲಿಂದ ಗಣಿತ ಅಂದರೆ ಅಳುತ್ತಾಳೆ. ಪೇಟೆಗೆ ಟ್ಯೂಷನ್ನಿಗೆ ಕಳಿಸೋಣವೆಂದರೆ ಸಂಜೆ ತಿರುಗಿ ಬರಲು ಬಸ್ಸಿಲ್ಲ. ಕೊಯ್ಲು ಶುರುವಾದರೆ ರಾತ್ರಿ ತನಕ ಅಡಿಕೆ ಸುಲಿಯುವ ಗೌಜು, ಆಗ ಅವಳು ಓದುವುದಾದರೂ ಎಲ್ಲಿ?

ಅಳುವ ಮಗುವಿನ ನೋಟ್‌ಬುಕ್ ಬಿಡಿಸಿದರೆ ಹೆಚ್ಚಾಗಿ ಕಾಣುವುದು ಒಂದೇ ತಪ್ಪು. 1/2ಕ್ಕೆ 1/4 ಕೂಡಿಸು ಅಂದರೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 2/6 ಎಂದು ಬರೆದಿರುತ್ತಾಳೆ. ಅವಳ ಲೆಕ್ಕದಲ್ಲಿ ಅದು ಸರಿಯೇ, ಇಲ್ಲಿಯವರೆಗೆ ಕೂಡಿಸಿದ್ದೆಲ್ಲ ಹಾಗೆಯೇ. ನಿಯಮ ಹೇಳಿಕೊಡಲು ಅವಸರ ಮಾಡಬೇಡಿ. ತೋಟಕ್ಕೆ ಕರೆದುಕೊಂಡು ಹೋಗಿ. ಎಕರೆಗೆ 40 ಗುಂಟೆ. ಅರ್ಧ ಎಕರೆ ಎಂದರೆ 20 ಗುಂಟೆ, ಕಾಲು ಎಕರೆ ಎಂದರೆ 10, ಕೂಡಿದರೆ 30. ಈಗ ಅವಳ 2/6ನ್ನು ಗುಂಟೆಗೆ ತಿರುಗಿಸಲು ಹೇಳಿ. ಹದಿಮೂರು ಗುಂಟೆ ಚಿಲ್ಲರೆ ಬರುತ್ತದೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗಿಬಿಟ್ಟಿತೇ? ಆ ಪ್ರಶ್ನೆಯ ಎದುರು ಸ್ವಲ್ಪ ಹೊತ್ತು ನಿಲ್ಲಲಿ. ತನ್ನ ತಪ್ಪು ತನಗೇ ಕಂಡರೆ ಛೇದ ಸಮ ಮಾಡುವುದು ಯಾಕೆ ಎಂದು ತಾನಾಗಿ ಕೇಳುತ್ತಾಳೆ. ಆಗ ಹೇಳಿಕೊಟ್ಟದ್ದು ಮರೆಯುವುದಿಲ್ಲ.

ಟ್ಯೂಷನ್ ಬೇಡ ಎಂದೇ ನನ್ನ ಅಭಿಪ್ರಾಯ. ಅಲ್ಲಿ ಏಳನೆಯ ತರಗತಿಯ ಪಾಠವನ್ನೇ ಇನ್ನೊಂದು ಸಲ ಹೇಳುತ್ತಾರೆ, ಇವಳಿಗೆ ಗಂಟು ಬಿದ್ದಿರುವುದು ನಾಲ್ಕು-ಐದನೆಯ ತರಗತಿಯಲ್ಲಿ. ಆ ಪುಸ್ತಕಗಳನ್ನು ಯಾರಿಂದಲಾದರೂ ಎರವಲು ತಂದು ಭಿನ್ನರಾಶಿಯ ಪಾಠವನ್ನು ಮೊದಲಿನಿಂದ ಮಾಡಿಸಿ. ಕೆಳಗಿನ ತರಗತಿಯ ಪುಸ್ತಕ ಎಂದು ನಾಚಿಕೆಪಟ್ಟರೆ ಜೊತೆಗೆ ನೀವೂ ಕೂತು ಬಿಡಿಸಿ. ಮಗ್ಗಿ ಹತ್ತರ ತನಕ ಪಟಪಟನೆ ಬರಬೇಕು, ಅದಕ್ಕೆ ಬೇರೆ ದಾರಿಯಿಲ್ಲ.

ಸುಲಿಯುವ ಗೌಜಿನ ಬಗ್ಗೆ: ಕೊಯ್ಲಿನ ದಿನಗಳಲ್ಲಿ ಓದನ್ನು ಹಗಲು ಬೆಳಕಿಗೆ ಸರಿಸಿಬಿಡಿ. ಶಾಲೆಯಿಂದ ಬಂದು ತಿಂಡಿ ತಿಂದವಳೇ ಮಾಳಿಗೆ ಹತ್ತಲಿ, ಆ ಹೊತ್ತಿಗೆ ಯಾವ ಕೆಲಸಕ್ಕೂ ಕೂಗಬೇಡಿ. ಬೇಕಾದರೆ ಆಮೇಲೆ ಕೆಳಗೆ ಬಂದು, ಯಾರು ಎಷ್ಟು ಕಿಲೋ ಸುಲಿದರು, ಎಷ್ಟು ಕೊಡಬೇಕು ಎಂದು ಲೆಕ್ಕ ಬರೆಯಲಿ. ನಿದ್ದೆಗೆ ಮಾತ್ರ ಕತ್ತರಿ ಹಾಕಬೇಡಿ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ತಾಸು, ಅದಕ್ಕಿಂತ ದೊಡ್ಡವರಿಗೆ 8ರಿಂದ 10 ತಾಸು ನಿದ್ದೆ ಬೇಕೆನ್ನುತ್ತಾರೆ ವೈದ್ಯರು. ಹಗಲು ಕಲಿತದ್ದು ತಲೆಯಲ್ಲಿ ಕೂರುವುದೂ ನಿದ್ದೆಯಲ್ಲೇ.

ಅಕ್ಕೋರಿಗೆ ನಮಸ್ಕಾರ. ಹೊನ್ನಾವರದ ಕಾಸರಕೋಡಿನವನು, ಬೋಟಿಗೆ ಹೋಗುತ್ತೇನೆ. ಈಗ ಬೋಟ್ ಬಂದ್ ಇದೆ, ಮನೆಯಲ್ಲೇ ಇದ್ದೇನೆ. ಆಗಸ್ಟ್ ಬಂದರೆ ಮಕ್ಕಳ ಮುಖ ನೋಡುವುದೂ ಕಷ್ಟ. ಒಬ್ಬ ಮಗ ಆರನೆಯ ತರಗತಿ, ಒಬ್ಬ ಮಗಳು ಎರಡನೆಯದು. ಈ ಎರಡು ತಿಂಗಳಲ್ಲಿ ನಾನು ಮಾಡುವಂಥದ್ದು ಏನಾದರೂ ಇದೆಯೇ?

ಇದೆ, ತುಂಬ ಇದೆ. ಜೂನ್ 1ರಿಂದ ಜುಲೈ 31ರ ತನಕ ನಿಮಗೆ ಕಡಲು ಬಂದ್. ಶಾಲೆಗೆ ಇದೇ ವರ್ಷದ ಮೊದಲ ಎರಡು ತಿಂಗಳು. ವರ್ಷವಿಡೀ ನಡೆಯುವ ರೂಢಿ ಬೀಳುವುದು ಈಗಲೇ. ಬೇರೆ ಅಪ್ಪಂದಿರಿಗೆ ಈ ಬಿಡುವು ಸಿಗುವುದಿಲ್ಲ.

ಮೊದಲು ಇಬ್ಬರ ಕ್ಲಾಸ್ ಟೀಚರನ್ನೂ ನೀವೇ ಖುದ್ದಾಗಿ ಕಂಡು ಬನ್ನಿ. ತಕರಾರಿಗಲ್ಲ, ಪರಿಚಯಕ್ಕೆ. ನಿಮ್ಮ ಕಸುಬು ಹೇಳಿ, ಆಗಸ್ಟಿನ ನಂತರ ಯಾರಿಗೆ ಫೋನ್ ಮಾಡಬೇಕೆಂದು ನಂಬರು ಬರೆಸಿ. ಸರಕಾರಿ ಶಾಲೆಯಾದರೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆ ಯಾವಾಗ ಎಂದು ವಿಚಾರಿಸಿ. ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ನಿಮಗೆ ಹೋಗಲು ಆಗದ ತಿಂಗಳುಗಳಲ್ಲಿ ನಿಮ್ಮ ಹೆಂಡತಿ ಹೋಗಿ ಕೂರಲಿ, ಮಾತಾಡಲಿ.

ಎರಡನೆಯದು, ಪಂಚಾಯಿತಿ ಗ್ರಂಥಾಲಯ. 2020ರ ನವೆಂಬರಿನಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಮಳೆ ಹೊಳವಾದ ಒಂದು ದಿನ ಇಬ್ಬರನ್ನೂ ಕರೆದುಕೊಂಡು ಹೋಗಿ ಹೆಸರು ಬರೆಸಿ. ಪುಸ್ತಕ ಅವರೇ ಆರಿಸಲಿ. ಮಗ ಕಾರ್ಟೂನ್ ಪುಸ್ತಕ ಹಿಡಿದರೆ 'ಇದೆಂಥ ಓದು' ಅನ್ನಬೇಡಿ.

ಜಿಲ್ಲಾಧಿಕಾರಿಗಳು ಮಳೆ ರಜೆ ಕೊಟ್ಟ ದಿನ ಮಕ್ಕಳ ಕೈಗೆ ಮೊಬೈಲ್ ಹೋಗುವುದು ಎಲ್ಲ ಮನೆಯಲ್ಲೂ ನಡೆದದ್ದೇ. ಆ ದಿನ ನೀವು ಬಲೆ ಸರಿಮಾಡಲು ಕೂರುತ್ತೀರಲ್ಲ, ಮಗಳು ಪಕ್ಕದಲ್ಲಿ ಕೂತು ತನ್ನ ಪುಸ್ತಕದ ಕತೆಯನ್ನು ನಿಮಗೆ ದೊಡ್ಡದಾಗಿ ಓದಿ ಹೇಳಲಿ. ಮಗ ಕಂಪಾಸು, ಜಿಪಿಎಸ್, ಬಿರುಗಾಳಿಯ ಮುನ್ಸೂಚನೆ ಹೇಗೆ ನೋಡುವುದು ಎಂದು ನಿಮ್ಮಿಂದ ಕಲಿಯಲಿ. ಅಕ್ಷಾಂಶ-ರೇಖಾಂಶ ಅವನ ಸಮಾಜ ವಿಜ್ಞಾನದಲ್ಲೇ ಇದೆ.

ಟೀಚರ್, ನಾವು ಕಾರವಾರದವರು, ಮನೆಯಲ್ಲಿ ಕೊಂಕಣಿ. ಮಗಳು ಕನ್ನಡ ಶಾಲೆಯಲ್ಲಿ ಮೂರನೆಯ ತರಗತಿ. ಇನ್ನೂ ಸರಾಗ ಓದುವುದಿಲ್ಲ. ಮನೆಯಲ್ಲಿ ಕೊಂಕಣಿ ನಿಲ್ಲಿಸಿ, ಕನ್ನಡವನ್ನೇ ಮಾತಾಡಿ ಎಂದು ಶಾಲೆಯಲ್ಲಿ ಹೇಳಿದರು. ನನಗೆ ಕನ್ನಡ ಅಷ್ಟಕ್ಕಷ್ಟೆ. ಮಗಳ ಹತ್ತಿರ ಹಾಗೆ ಮಾತಾಡಲು ಹೋದರೆ ಇಬ್ಬರಿಗೂ ಮಾತೇ ಹೊರಡುವುದಿಲ್ಲ.

ಕೊಂಕಣಿ ನಿಲ್ಲಿಸಬೇಡಿ. ಮಗಳ ಜೊತೆ ಮನಸ್ಸು ಬಿಚ್ಚಿ ಮಾತಾಡುವ ಭಾಷೆಯನ್ನು ಬಿಟ್ಟು ತಡವರಿಸುವ ಭಾಷೆಯಲ್ಲಿ ಮಾತಾಡಿದರೆ ಅವಳಿಗೆ ಮಾತೇ ಕಡಿಮೆಯಾಗುತ್ತದೆ. ಮಾತು ಕಡಿಮೆಯಾದ ಮಗುವಿಗೆ ಓದು ಇನ್ನೂ ಕಷ್ಟ. ಕತೆ ಹೇಳುವುದು, ಕಾರಣ ಕೊಡುವುದು, ಮುಂದೇನಾದೀತು ಎಂದು ಊಹಿಸುವುದು, ಇವನ್ನು ಒಂದು ಭಾಷೆಯಲ್ಲಿ ಕಲಿತವರು ಇನ್ನೊಂದಕ್ಕೂ ಒಯ್ಯುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಐದನೆಯ ತರಗತಿಯ ತನಕವಾದರೂ, ಸಾಧ್ಯವಿದ್ದಲ್ಲೆಲ್ಲ, ಮನೆಮಾತಿನಲ್ಲಿ ಕಲಿಸಿ ಎಂದೇ ಹೇಳಿದೆ. ಶಾಲೆಯವರು ಕಾಳಜಿಯಿಂದಲೇ ಹೇಳಿದ್ದಾರೆ, ಆದರೆ ದಾರಿ ಇದಲ್ಲ.

ತೊಡಕು ಎಲ್ಲಿದೆ ಎಂದು ನೀವೇ ಮನೆಯಲ್ಲಿ ನೋಡಬಹುದು. ಅವಳ ಪುಸ್ತಕದ ಒಂದು ಚಿಕ್ಕ ಕತೆಯನ್ನು ಕನ್ನಡ ಚೆನ್ನಾಗಿ ಬರುವ ಯಾರಾದರೂ ದೊಡ್ಡದಾಗಿ ಓದಲಿ. ಅವಳು ಪುಸ್ತಕ ನೋಡುವುದು ಬೇಡ, ಕೇಳಲಿ. ಆಮೇಲೆ ಆ ಕತೆಯನ್ನು ನಿಮಗೆ ಕೊಂಕಣಿಯಲ್ಲಿ ಹೇಳಲಿ. ಸರಿಯಾಗಿ ಹೇಳಿದರೆ ಕನ್ನಡ ಅವಳಿಗೆ ತಿಳಿಯುತ್ತದೆ, ತೊಡಕಿರುವುದು ಅಕ್ಷರದಲ್ಲಿ. ಹೇಳಲಾಗದಿದ್ದರೆ ಅವಳಿಗೆ ಬೇಕಾದ್ದು ಕನ್ನಡದ ಮಾತು: ಓರಗೆಯ ಮಕ್ಕಳ ಜೊತೆ ಆಟ, ಚಿತ್ರ ನೋಡಿ ಕತೆ ಕಟ್ಟುವುದು, ರೇಡಿಯೋ, ಹಾಡು. ಈ ಎರಡಕ್ಕೂ ಮದ್ದು ಬೇರೆ ಬೇರೆ. ಅದು ತಿಳಿಯದೆ ಕಾಪಿ ಬರೆಸುತ್ತ ಹೋದರೆ ಕೈ ನೋಯುವುದೊಂದೇ ಬಂತು.

ಅಕ್ಷರದಲ್ಲಿ ತೊಡಕಿದ್ದರೆ ಯಾವ ಅಕ್ಷರ ಎಂದು ಹುಡುಕಿ. ಪ, ವ, ಮ ಮೂರೂ ಬರಹದಲ್ಲಿ ಹತ್ತಿರ ಹತ್ತಿರ. ದ, ಧ, ಥ ಹಾಗೆಯೇ. ಕಾಗುಣಿತದಲ್ಲಿ ಕಿ-ಕೀ, ಕೊ-ಕೋ ಹಿಡಿಯುವುದು ಅನೇಕ ಮಕ್ಕಳಿಗೆ ಕಷ್ಟ, ಆಮೇಲೆ ಒತ್ತಕ್ಷರ. ಎಡವುವ ನಾಲ್ಕೈದು ಅಕ್ಷರಗಳನ್ನಷ್ಟೇ ತೆಗೆದುಕೊಂಡು, ಅವೇ ಬರುವ ಮಾತುಗಳನ್ನು ಚೀಟಿಯಲ್ಲಿ ಬರೆದು ಆಟದಂತೆ ಓದಿಸಿ. ಜೊತೆಗೆ ಒಂದು ಸಣ್ಣ ಪ್ಯಾರಾ. ನೀವು ಬೆರಳಿಟ್ಟು ನಿಧಾನ ಓದಿ, ಅವಳು ನಿಮ್ಮ ಜೊತೆ ಓದಲಿ, ಕೊನೆಗೆ ಒಬ್ಬಳೇ. ಅದೇ ಪ್ಯಾರಾವನ್ನು ನಾಲ್ಕು ದಿನ ಓದಿಸಿ. ನಾಲ್ಕನೆಯ ದಿನ ಬಾಯಿ ಹರಿಯುತ್ತದೆ, 'ನನಗೆ ಬಂತು' ಎನ್ನುವ ಸಂತೋಷ ಅವಳ ಮುಖದಲ್ಲೇ ಕಾಣುತ್ತದೆ. ನಿಮ್ಮ ಕನ್ನಡ ಅಷ್ಟಕ್ಕಷ್ಟೆ ಎಂದಿದ್ದೀರಿ, ಅವಳ ಜೊತೆ ನಿಮಗೂ ಬರುತ್ತದೆ.

ಸರಕಾರಿ ಶಾಲೆಯಾದರೆ ಒಂದರಿಂದ ಮೂರನೆಯ ತರಗತಿ 'ನಲಿ-ಕಲಿ'. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಕಾರ್ಡುಗಳ ಮೂಲಕ ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತದೆ. 'ನಮ್ಮ ಮಗಳು ಏಣಿಯ ಯಾವ ಮೆಟ್ಟಿಲಲ್ಲಿದ್ದಾಳೆ, ಎಷ್ಟು ದಿನದಿಂದ ಅಲ್ಲೇ ಇದ್ದಾಳೆ' ಎಂದು ಕೇಳಿದರೆ ಟೀಚರು ನಿಮಗೆ ಗೋಡೆಯ ಮೇಲೇ ತೋರಿಸಬಲ್ಲರು.

ಕಣ್ಣು, ಕಿವಿ ಎರಡನ್ನೂ ಒಮ್ಮೆ ಪರೀಕ್ಷೆ ಮಾಡಿಸಿ, ಇದನ್ನು ಮುಂದೂಡಬೇಡಿ. ಇಷ್ಟೆಲ್ಲ ಮಾಡಿಯೂ ಐದಾರು ತಿಂಗಳಲ್ಲಿ ಅಕ್ಷರ ಕೂಡದೆ ಹೋದರೆ, ಬೇರೆಲ್ಲದರಲ್ಲಿ ಚುರುಕಾಗಿರುವ ಮಗು ಓದಿನಲ್ಲಿ ಮಾತ್ರ ಮುಗ್ಗರಿಸುತ್ತಿದ್ದರೆ, ಕಲಿಕಾ ನ್ಯೂನತೆ ಇರಬಹುದು. ಅದು ದಡ್ಡತನವಲ್ಲ, ಸೋಮಾರಿತನವೂ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 21 ಬಗೆಗಳಲ್ಲಿ ಅದೂ ಸೇರಿದೆ, ಮುಂದೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ಸೌಲಭ್ಯವೂ ಸಿಗುತ್ತದೆ. ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮೊದಲು ತೋರಿಸಿ, ಮುಂದೆ ಎಲ್ಲಿಗೆ ಹೋಗಬೇಕೆಂದು ಅವರೇ ಹೇಳುತ್ತಾರೆ. ಈಗಿನಿಂದಲೇ ಹೆದರಿಕೊಳ್ಳಬೇಡಿ, ಕೊಂಕಣಿ ಮನೆಯ ಎಷ್ಟೋ ಮಕ್ಕಳು ನಾಲ್ಕನೆಯ ತರಗತಿಯಲ್ಲಿ ಸರಾಗ ಓದಿದ್ದನ್ನು ನಾನು ಕಂಡಿದ್ದೇನೆ.

ಶಿರಸಿಯಿಂದ ಬರೆಯುತ್ತಿದ್ದೇನೆ. ಬರುವ ಮಾರಿಜಾತ್ರೆಯ ವರ್ಷವೇ ಮಗಳ ಎಸ್ಸೆಸ್ಸೆಲ್ಸಿ. ಜಾತ್ರೆಗೆ ಮನೆ ತುಂಬ ನೆಂಟರು. ಅವಳನ್ನು ಬೇರೆ ಊರಿನ ಸಂಬಂಧಿಕರ ಮನೆಗೆ ಕಳಿಸಿಬಿಡೋಣ ಎನ್ನುತ್ತಾರೆ ಇವರು. ಅವಳು ಊಟ ಬಿಟ್ಟು ಕೂತಿದ್ದಾಳೆ.

ಕಳಿಸಬೇಡಿ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಹುಟ್ಟಿದಲ್ಲಿಂದ ನೋಡಿದ ಮಗು. ಪರೀಕ್ಷೆಯ ಹೊಸ್ತಿಲಲ್ಲಿ ಪರರ ಮನೆಯಲ್ಲಿ ಕೂತು ಅವಳು ಏನು ಓದಿಯಾಳು? ಒಂದು ಸಂಜೆ ಗೆಳತಿಯರ ಜೊತೆ ಹೋಗಿ ಬರಲಿ ಎಂದು ಈಗಲೇ ಮಾತು ಕೊಡಿ. ಉಳಿದ ದಿನ ಅವಳ ಕೋಣೆಗೆ ನೆಂಟರನ್ನು ಹಾಕಬೇಡಿ, ರಾತ್ರಿ ಹತ್ತಕ್ಕೆ ದೀಪ ಆರಲಿ. 'ಎಷ್ಟು ಮಾರ್ಕ್ಸ್ ಬರಬಹುದು' ಎಂದು ಅವಳ ಎದುರು ಕೇಳುವ ನೆಂಟರನ್ನು ತಡೆಯುವುದು ನಿಮ್ಮ ಕೆಲಸ.

ಒಟ್ಟು 625 ಅಂಕ. ಅದರಲ್ಲಿ ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಗಳಿಗೆ ತಲಾ 20 ಆಂತರಿಕ ಅಂಕ. ಅವು ವರ್ಷದುದ್ದಕ್ಕೂ ಶಾಲೆಯಲ್ಲೇ ಕೂಡಿಬರುವಂಥವು, ಜಾತ್ರೆಗೂ ಅದಕ್ಕೂ ಸಂಬಂಧವಿಲ್ಲ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಒಂದರಲ್ಲಿ ಅಂಕ ಕಡಿಮೆಯಾಯಿತು ಅನ್ನಿಸಿದರೆ ಮುಂದಿನದನ್ನು ಬರೆಯಬಹುದು. ಇದನ್ನು ಮಗಳಿಗಿಂತ ಮೊದಲು ಅವಳ ಅಪ್ಪನಿಗೆ ಓದಿ ಹೇಳಿ.